ಡ್ರಾಯರಿನಲ್ಲಿ ಉಳಿದ ಮೂರು ಮಾತ್ರೆ: ಹ್ಯೂಸ್ಟನ್ನಿನ ಒಂದು ಹೃದಯಹುಳು ಪ್ರಕರಣ

2024ರ ಮಾರ್ಚ್ 14ರ ಗುರುವಾರ ಬೆಳಿಗ್ಗೆ ಅಮೆರಿಕದ ಟೆಕ್ಸಸ್ ರಾಜ್ಯದ ಹ್ಯೂಸ್ಟನ್ನಿನಲ್ಲಿ ನಾನು ಕೆಲಸ ಮಾಡುವ ಪಶುಚಿಕಿತ್ಸಾಲಯಕ್ಕೆ ಕೆಂಚ ಎಂಬ ಗಂಡು ನಾಯಿಯನ್ನು ಕರೆತಂದರು. ಮಿಶ್ರತಳಿ, ಸುಮಾರು ಐದು ವರ್ಷ, 24 ಕಿಲೋ ತೂಕ. ಮನೆಯವರು ಕಲಬುರಗಿ ಕಡೆಯವರು. ಮರಿಯಾಗಿದ್ದಾಗಲೇ ಇಲ್ಲಿನ ಒಂದು ನಾಯಿಗಳ ಆಶ್ರಯಧಾಮದಿಂದ ತಂದು ಸಾಕಿದ್ದರು. ಒಂದು ತಿಂಗಳಿನಿಂದ ಕೆಮ್ಮು ಎಂಬುದು ದೂರು. ಸುಮ್ಮನೆ ಮಲಗಿದ್ದಾಗ ಕೆಮ್ಮುವುದಿಲ್ಲ. ಹಿತ್ತಲಲ್ಲಿ ಚೆಂಡಿನ ಹಿಂದೆ ನಾಲ್ಕು ಸಲ ಓಡಿದರೆ ಐದನೆಯ ಸಲಕ್ಕೆ ನಿಂತು, ಕತ್ತು ಚಾಚಿ, ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಒಣಕೆಮ್ಮು ಕೆಮ್ಮಿ, ಚೆಂಡನ್ನು ಅಲ್ಲೇ ಬಿಟ್ಟು ನೆರಳಿಗೆ ಬಂದು ಮಲಗುತ್ತದೆ. ಊಟ ಸರಿಯಾಗಿತ್ತು. ಮೂತ್ರದ ಬಣ್ಣದಲ್ಲಿ ವ್ಯತ್ಯಾಸವಿರಲಿಲ್ಲ. ತೂಕ ಹಿಂದಿನ ಸಲಕ್ಕಿಂತ ಒಂದು ಕಿಲೋ ಇಳಿದಿತ್ತು.

ಮೆಕ್ಸಿಕೋ ಕೊಲ್ಲಿಯ ದಂಡೆಯ ಈ ಊರಿನಲ್ಲಿ ನಾಯಿ ಕೆಮ್ಮಿದರೆ ವೈದ್ಯನ ತಲೆಗೆ ಮೊದಲು ಬರಬೇಕಾದ ಹೆಸರು ಹಾರ್ಟ್‌ವರ್ಮ್, ಎಂದರೆ ಸೊಳ್ಳೆಯಿಂದ ಹರಡುವ, ಡೈರೋಫೈಲೇರಿಯಾ ಇಮ್ಮಿಟಿಸ್ ಎಂಬ ಹೃದಯಹುಳು. ಸೆಕೆ, ತೇವ, ಊರಿನ ಉದ್ದಗಲಕ್ಕೂ ಹರಿಯುವ ಬಾಯೂ ಎಂಬ ನಿಧಾನದ ತೊರೆಗಳು, ವರ್ಷದ ಬಹುಪಾಲು ಸೊಳ್ಳೆ. ಮೂರು ಹನಿ ರಕ್ತ ತೆಗೆದು ಆಂಟಿಜೆನ್ ಪರೀಕ್ಷೆಯ ಪಟ್ಟಿಯ ಮೇಲೆ ಹಾಕಿದೆವು. ಹತ್ತು ನಿಮಿಷದೊಳಗೆ ಎರಡನೆಯ ಗೆರೆ ನಿಚ್ಚಳವಾಗಿ ಮೂಡಿತು. ಇಂಥ ಫಲಿತಾಂಶವನ್ನು ಒಂದೇ ಪಟ್ಟಿಯ ಮೇಲೆ ನಂಬುವಂತಿಲ್ಲವಾದ್ದರಿಂದ ಹೊರಗಿನ ಪ್ರಯೋಗಾಲಯಕ್ಕೂ ಮಾದರಿ ಕಳುಹಿಸಿದೆವು. ಅದೂ ಪಾಸಿಟಿವ್ ಬಂತು.

ಆದರೆ ಕೆಂಚ ಈ ಹುಳುವನ್ನು ತಡೆಯಲೆಂದೇ ಪ್ರತಿ ತಿಂಗಳೂ ಐವರ್‌ಮೆಕ್ಟಿನ್ ಇರುವ ಅಗಿಯುವ ಮಾತ್ರೆ ತಿನ್ನುತ್ತಿದ್ದ ನಾಯಿ. ಮನೆಯವರ ಮೊದಲ ಮಾತೂ ಅದೇ ಆಗಿತ್ತು: "ತಿಂಗಳಾ ತಿಂಗಳಾ ತಪ್ಪದೇ ಕೊಟ್ಟೀವಿ ಡಾಕ್ಟ್ರೇ, ಹುಳ ಹೆಂಗ ಬಂತು?" ಅವರು ಹೇಳಿದ್ದು ಹತ್ತಿರ ಹತ್ತಿರ ನಿಜವೇ ಆಗಿತ್ತು. ಹಳೆಯ ಕಡತ ತೆಗೆದು ತಾರೀಖುಗಳನ್ನು ಒಂದರ ಕೆಳಗೊಂದು ಬರೆದ ಮೇಲೆ ಉಳಿದದ್ದು ಕಂಡಿತು.

2022ರ ಮೇ 20ರಂದು ಇಡೀ ಕುಟುಂಬ ಕಲಬುರಗಿಗೆ ಹೋಗಿತ್ತು. ಮನೆಯ ಹಿರಿಯರೊಬ್ಬರ ಅನಾರೋಗ್ಯದಿಂದಾಗಿ ಆರು ವಾರದ ಪ್ರಯಾಣ ಸೆಪ್ಟೆಂಬರಿನವರೆಗೆ ಬೆಳೆಯಿತು. ಅಷ್ಟೂ ಕಾಲ ಕೆಂಚ ಸ್ನೇಹಿತರ ಮನೆಯಲ್ಲಿದ್ದ. ಮೇ 1ರ ಮಾತ್ರೆಯನ್ನು ಮನೆಯವರೇ ಕೊಟ್ಟಿದ್ದರು; ಜೂನ್, ಜುಲೈ, ಆಗಸ್ಟ್ ತಿಂಗಳ ಮೂರು ಮಾತ್ರೆಗಳನ್ನು ಸ್ನೇಹಿತರ ಕೈಗೆ ಕೊಟ್ಟಿದ್ದರು. ಸೆಪ್ಟೆಂಬರಿನಲ್ಲಿ ನಾಯಿಯನ್ನು ಕರೆತರಲು ಹೋದಾಗ ಆ ಮೂರೂ ಮಾತ್ರೆಗಳು ಬೆಳ್ಳಿಹಾಳೆಯ ಸಮೇತ ಅಡುಗೆಮನೆಯ ಡ್ರಾಯರಿನಲ್ಲಿ, ರಬ್ಬರ್ ಬ್ಯಾಂಡು ಮತ್ತು ಹಳೆಯ ಬ್ಯಾಟರಿಗಳ ನಡುವೆ ಸಿಕ್ಕವು. ಸ್ನೇಹಿತರಲ್ಲಿ ಅಸಡ್ಡೆಯಿರಲಿಲ್ಲ. ಅವರು ನಾಯಿಗೆ ಎರಡು ಹೊತ್ತು ಊಟ ಹಾಕಿ, ಎರಡು ಹೊತ್ತು ತಿರುಗಾಡಿಸಿ, ವಾರಕ್ಕೊಮ್ಮೆ ಮೈ ತೊಳೆಸಿದ್ದರು. ತಿಂಗಳಿಗೊಮ್ಮೆ ಮಾಡಬೇಕಾದ ಕೆಲಸವೇ ಮರೆಯಲು ಸುಲಭವಾದ ಕೆಲಸ.

ಮರೆತದ್ದು ಗೊತ್ತಾದ ತಕ್ಷಣ ಮನೆಯವರು ಸರಿಯಾದದ್ದನ್ನೇ ಮಾಡಿದರು. ಸೆಪ್ಟೆಂಬರ್ 10ರಂದು ನಾಯಿಯನ್ನು ನನ್ನ ಬಳಿ ತಂದರು. ನಾನು ಆಂಟಿಜೆನ್ ಪರೀಕ್ಷೆ ಮಾಡಿದೆ, ನೆಗೆಟಿವ್ ಬಂತು. ಮಾತ್ರೆಯನ್ನು ಅಂದೇ ಮತ್ತೆ ಶುರುಮಾಡಿಸಿ, ಆರು ತಿಂಗಳ ನಂತರ ಮರುಪರೀಕ್ಷೆ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಬರೆದದ್ದು ನಿಜ, ಆದರೆ ಆ ಮರುಪರೀಕ್ಷೆ ಯಾಕೆ ಬೇಕು ಎಂದು ಎದುರು ಕೂರಿಸಿ ಹೇಳಲಿಲ್ಲ. ನೆಗೆಟಿವ್ ಎಂಬ ಒಂದು ಪದ ಕೇಳಿ ಮನೆಯವರು ನಿರಾಳರಾದರು. 2023ರ ಮಾರ್ಚ್‌ನಲ್ಲಿ ಅವರು ಮನೆ ಬದಲಾಯಿಸುತ್ತಿದ್ದರು, ಪರೀಕ್ಷೆ ತಪ್ಪಿತು. ಆ ಬೇಸಿಗೆಯಲ್ಲಿ ಮಾತ್ರೆ ಮುಗಿಯಿತೆಂದು ಫೋನ್ ಬಂದಾಗ ನಮ್ಮ ಚಿಕಿತ್ಸಾಲಯ ಪರೀಕ್ಷೆಯಿಲ್ಲದೆಯೇ ಮತ್ತಷ್ಟು ತಿಂಗಳಿಗೆ ಚೀಟಿ ಮುಂದುವರಿಸಿತು, ಅದಕ್ಕೆ ಸಹಿ ಹಾಕಿದವನು ನಾನು.

ಆ ನೆಗೆಟಿವ್ ಫಲಿತಾಂಶಕ್ಕೆ ಯಾಕೆ ಅರ್ಥವಿರಲಿಲ್ಲ ಎಂಬುದು ಈ ಪ್ರಕರಣದ ತಿರುಳು. ಅದಕ್ಕೆ ಹುಳುವಿನ ವಯಸ್ಸಿನ ಲೆಕ್ಕ ಬೇಕು. ಸೋಂಕಿರುವ ಸೊಳ್ಳೆ ಕಚ್ಚಿದಾಗ ಅದರ ಮೂತಿಯಿಂದ ಚರ್ಮಕ್ಕೆ ಇಳಿಯುವುದು ಮೂರನೆಯ ಹಂತದ ಲಾರ್ವಾ. ಮೂರರಿಂದ ಹನ್ನೆರಡು ದಿನದೊಳಗೆ ಅದು ಪೊರೆ ಕಳಚಿ ನಾಲ್ಕನೆಯ ಹಂತಕ್ಕೆ ಬರುತ್ತದೆ. ಐವತ್ತರಿಂದ ಎಪ್ಪತ್ತು ದಿನದ ಹೊತ್ತಿಗೆ ಮತ್ತೆ ಪೊರೆ ಕಳಚಿ ಎಳೆಯ ಹುಳುವಾಗಿ ರಕ್ತನಾಳ ಸೇರಿ, ಶ್ವಾಸಕೋಶದ ಅಪಧಮನಿಗಳತ್ತ ಹೋಗುತ್ತದೆ. ಹೆಣ್ಣುಹುಳು ಬಲಿತು ಮರಿ ಹಾಕಲು ಆರೇಳು ತಿಂಗಳು ಬೇಕು. ಆ ವೇಳೆಗೆ ಅದು ಒಂದು ಗೇಣಿಗೂ ಮೀರಿ ಬೆಳೆದು, ಶ್ಯಾವಿಗೆಯ ಎಳೆಯಂತೆ ಕಾಣುತ್ತದೆ. ನಾಯಿಯ ಮೈಯಲ್ಲಿ ಅದರ ಆಯುಷ್ಯ ಐದರಿಂದ ಏಳು ವರ್ಷ.

ಆಂಟಿಜೆನ್ ಪರೀಕ್ಷೆ ಹಿಡಿಯುವುದು ಬಲಿತ ಹೆಣ್ಣುಹುಳು ರಕ್ತಕ್ಕೆ ಬಿಡುವ ಒಂದು ಪ್ರೋಟೀನನ್ನು. ಸೋಂಕು ತಗುಲಿ ಕನಿಷ್ಠ ಐದು, ಸಾಮಾನ್ಯವಾಗಿ ಆರೇಳು ತಿಂಗಳಾಗದೆ ಆ ಪ್ರೋಟೀನು ಕಾಣುವುದಿಲ್ಲ. ಸೆಪ್ಟೆಂಬರ್ 10ರಂದು ಕೆಂಚನ ಮೈಯಲ್ಲಿದ್ದ ಅತ್ಯಂತ ಹಳೆಯ ಹುಳುವಿಗೂ ನಾಲ್ಕು ತಿಂಗಳು ತುಂಬಿರಬಹುದು, ಅಷ್ಟೇ. ಅಂದು ಬಂದ ನೆಗೆಟಿವ್ ಫಲಿತಾಂಶ ಸುಳ್ಳಲ್ಲ. ಆದರೆ ಅದು ಮಾತನಾಡಿದ್ದು ಮೇ ತಿಂಗಳಿಗಿಂತ ಹಿಂದಿನ ಕಾಲದ ಬಗ್ಗೆ, ನಮಗೆ ಬೇಕಾಗಿದ್ದ ಬೇಸಿಗೆಯ ಬಗ್ಗೆ ಅಲ್ಲ.

ಮಾತ್ರೆಯ ಬಗೆಗೂ ಇಂಥದ್ದೇ ತಪ್ಪು ತಿಳಿವಳಿಕೆಯಿದೆ. ತಿಂಗಳ ಮಾತ್ರೆ ಮುಂದಿನ ಮೂವತ್ತು ದಿನ ನಾಯಿಯನ್ನು ಕಾಯುತ್ತದೆ ಎಂದೇ ಹೆಚ್ಚಿನವರು ಅಂದುಕೊಂಡಿರುತ್ತಾರೆ. ಅಗಿಯುವ ಮಾತ್ರೆಯ ಐವರ್‌ಮೆಕ್ಟಿನ್ ಕೆಲವೇ ದಿನಗಳಲ್ಲಿ ಮೈಬಿಟ್ಟು ಹೋಗುತ್ತದೆ. ಅದು ಮಾಡುವ ಕೆಲಸ ಹಿಂದಿನದು: ಕಳೆದ ಒಂದು ತಿಂಗಳಲ್ಲಿ ಸೊಳ್ಳೆ ಬಿಟ್ಟುಹೋದ ಮೂರನೆಯ ಮತ್ತು ನಾಲ್ಕನೆಯ ಹಂತದ ಲಾರ್ವಾಗಳನ್ನು ಅದು ಗುಡಿಸಿಹಾಕುತ್ತದೆ. ಜೂನ್ 1ರ ಮಾತ್ರೆ ಮೇ ತಿಂಗಳ ಕಸಕ್ಕೆ, ಜುಲೈ 1ರದು ಜೂನ್ ತಿಂಗಳ ಕಸಕ್ಕೆ. ಸೆಪ್ಟೆಂಬರ್ 10ರ ಮಾತ್ರೆ ಆಗಸ್ಟ್ ಮತ್ತು ಸೆಪ್ಟೆಂಬರಿನ ಲಾರ್ವಾಗಳನ್ನು ಗುಡಿಸಿತು. ಮೇ ಮತ್ತು ಜೂನ್ ತಿಂಗಳಲ್ಲಿ ಹೊಕ್ಕವು ಅಷ್ಟರಲ್ಲಿ ಆ ಪೊರಕೆಗೆ ಸಿಗದಷ್ಟು ಬೆಳೆದಿದ್ದವು. ಮಿಲ್ಬೆಮೈಸಿನ್ ಆಕ್ಸೈಮ್, ಸೆಲಮೆಕ್ಟಿನ್, ಮಾಕ್ಸಿಡೆಕ್ಟಿನ್ ಇವೆಲ್ಲ ಇದೇ ಕುಟುಂಬದ ಔಷಧಗಳು, ಇವೆಲ್ಲ ಎಳೆಯ ಲಾರ್ವಾಗಳ ಔಷಧಗಳೇ.

ಎಕ್ಸ್-ರೇಯಲ್ಲಿ ಕೆಂಚನ ಶ್ವಾಸಕೋಶದ ಮುಖ್ಯ ಅಪಧಮನಿ ಉಬ್ಬಿತ್ತು. ಹಿಂಭಾಗದ ಕವಲುಗಳು ಸಹಜವಾಗಿ ಸಣ್ಣಗಾಗುತ್ತ ಹೋಗುವ ಬದಲು ದಪ್ಪವಾಗಿ, ಅಂಕುಡೊಂಕಾಗಿ ಹೋಗಿ ಥಟ್ಟನೆ ಮೊಂಡಾಗಿದ್ದವು. ಎಕೋ, ಎಂದರೆ ಹೃದಯದ ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ಬಲ ಅಪಧಮನಿಯೊಳಗೆ ಗಣಿತದ ಸಮಚಿಹ್ನೆಯಂಥ ಎರಡೆರಡು ಬಿಳಿ ಗೆರೆಗಳು ರಕ್ತದ ಹರಿವಿಗೆ ತೂಗಾಡುತ್ತಿದ್ದವು. ಆ ಎರಡು ಗೆರೆ ಒಂದೇ ಹುಳುವಿನ ಮೈಯ ಎರಡು ಅಂಚು. ಮನೆಯ ಯಜಮಾನರು ಪರದೆಯನ್ನು ನೋಡಿ, ಏನೂ ಮಾತನಾಡದೆ ನಾಯಿಯ ಕಿವಿಯನ್ನು ಸವರುತ್ತ ನಿಂತಿದ್ದರು. ಹುಳುಗಳು ಹೃದಯದ ಬಲಕೋಣೆಗೆ ಇಳಿದಿರಲಿಲ್ಲ. ಇಳಿದು ಮಹಾಸಿರೆಯ ಬಾಯಿ ಕಟ್ಟಿದ್ದರೆ ನಾಯಿ ಕಾಫಿ ಬಣ್ಣದ ಮೂತ್ರ ಮಾಡಿ ಕುಸಿಯುತ್ತಿತ್ತು, ಆಗ ಔಷಧಕ್ಕೆ ಕಾಲವಿರುವುದಿಲ್ಲ, ಕತ್ತಿನ ಸಿರೆಯ ಮೂಲಕ ಇಕ್ಕಳ ಇಳಿಸಿ ಹುಳುಗಳನ್ನು ಎಳೆದು ತೆಗೆಯಬೇಕಾಗುತ್ತದೆ. ಕೆಂಚನದು ಎರಡನೆಯ ದರ್ಜೆಯ, ಎಂದರೆ ಮಧ್ಯಮ ತೀವ್ರತೆಯ ಕಾಯಿಲೆ.

ರಕ್ತದಲ್ಲಿ ಮೈಕ್ರೋಫೈಲೇರಿಯಾ, ಎಂದರೆ ಹುಳುವಿನ ಸೂಕ್ಷ್ಮ ಮರಿಗಳು, ಒಂದೂ ಕಾಣಲಿಲ್ಲ. ಒಂದು ಮಿಲಿಲೀಟರ್ ರಕ್ತವನ್ನು ಫಾರ್ಮಲಿನ್ನಿನಲ್ಲಿ ಕದಡಿ, ಗಿರಗಿರನೆ ತಿರುಗಿಸಿ, ತಳದ ಗಸಿಗೆ ನೀಲಿ ಬಣ್ಣ ಹಾಕಿ ನೋಡುವ ನಾಟ್ ಪರೀಕ್ಷೆಯೂ ಖಾಲಿ. ಇದು ಒಗಟಲ್ಲ. ಹದಿನೆಂಟು ತಿಂಗಳು ತಪ್ಪದೆ ಕೊಟ್ಟ ಐವರ್‌ಮೆಕ್ಟಿನ್ ದೊಡ್ಡ ಹುಳುಗಳನ್ನು ಕೊಲ್ಲದಿದ್ದರೂ ಅವುಗಳ ಸಂತಾನಶಕ್ತಿಯನ್ನು ಕುಂದಿಸಿ, ರಕ್ತದಲ್ಲಿನ ಮರಿಗಳನ್ನು ಅಳಿಸಿತ್ತು. ಸೂಕ್ಷ್ಮದರ್ಶಕವನ್ನೇ ನೆಚ್ಚಿಕೊಂಡಿದ್ದರೆ ಕಾಯಿಲೆಯಿಲ್ಲ ಎಂದೇ ಬರೆದಿರುತ್ತಿದ್ದೆವು.

ಈ ಹಂತದಲ್ಲಿ ಮನೆಯಲ್ಲಿದ್ದ ಅಜ್ಜಿಯ ಬಗ್ಗೆ ಹೇಳಬೇಕು. ಮುಂದಿನ ಚಿಕಿತ್ಸೆಯ ಅರ್ಧ ಭಾರ ಅವರ ಮೇಲೆಯೇ ಬಿತ್ತು. ಮಗನ ಮನೆಗೆ ಬಂದಿದ್ದ ಅವರು ಎರಡನೆಯ ಭೇಟಿಗೆ ಜೊತೆಗೆ ಬಂದು, ನಾನು ಸೊಳ್ಳೆ, ಹುಳು, ರಕ್ತನಾಳ ಎಂದು ವಿವರಿಸುತ್ತಿದ್ದುದನ್ನು ಕೇಳಿ, "ಅಂದ್ರ ನಾಯಿಗೂ ಆನೆಕಾಲು ಬರ್ತದೇನ್ರೀ?" ಎಂದು ಕೇಳಿದರು. ಅಲ್ಲಿ ಕೂತಿದ್ದವರೆಲ್ಲರಿಗಿಂತ ಹತ್ತಿರದ ಪ್ರಶ್ನೆ ಅದು. ಕಲಬುರಗಿ, ಬೀದರ್ ಜಿಲ್ಲೆಗಳಲ್ಲಿ ಮನೆಮನೆಗೆ ಬಂದು ಆರೋಗ್ಯ ಕಾರ್ಯಕರ್ತೆಯರು ತಮ್ಮ ಎದುರಿಗೇ ನುಂಗಿಸುವ, ಆನೆಕಾಲು ತಡೆಯುವ ಡಿಇಸಿ ಮಾತ್ರೆಯನ್ನು ಅವರು ವರ್ಷಗಟ್ಟಲೆ ತಿಂದವರು. ಆನೆಕಾಲಿನ ಹುಳುವೂ ಹೃದಯಹುಳುವೂ ಫೈಲೇರಿಯಾ ಎಂಬ ಒಂದೇ ಬಳಗದವು, ಎರಡನ್ನೂ ಹೊರುವುದು ಸೊಳ್ಳೆ. ಅದೇ ಡಿಇಸಿಯನ್ನು ಒಂದು ಕಾಲದಲ್ಲಿ ನಾಯಿಗಳಿಗೂ ಹೃದಯಹುಳು ತಡೆಯಲು ಪ್ರತಿದಿನ ಕೊಡುತ್ತಿದ್ದರು. ರಕ್ತದಲ್ಲಿ ಮರಿಹುಳುಗಳಿದ್ದ ನಾಯಿಗೆ ಕೊಟ್ಟರೆ ಆಘಾತವಾಗಿ ಸಾಯುವ ಅಪಾಯವಿತ್ತು. 1987ರಲ್ಲಿ ತಿಂಗಳಿಗೊಂದು ಐವರ್‌ಮೆಕ್ಟಿನ್ ಮಾತ್ರೆ ಇಲ್ಲಿ ಬಂದ ಮೇಲೆ ಅದು ಹಿಂದೆ ಸರಿಯಿತು. ಜಪಾನಿನ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಹೊರಟ ಈ ಔಷಧಕ್ಕಾಗಿ ಸತೋಶಿ ಒಮುರ ಮತ್ತು ವಿಲಿಯಂ ಕ್ಯಾಂಬೆಲ್ ಅವರಿಗೆ 2015ರಲ್ಲಿ ನೊಬೆಲ್ ಬಂತು, ಬಹುಮುಖ್ಯವಾಗಿ ಮನುಷ್ಯರ ಫೈಲೇರಿಯಾ ಕಾಯಿಲೆಗಳಲ್ಲಿ ಅದು ಮಾಡಿದ ಕೆಲಸಕ್ಕಾಗಿ.

ಬಲಿತ ಹುಳುವನ್ನು ಕೊಲ್ಲಲು ಅಮೆರಿಕದಲ್ಲಿ ಅನುಮತಿ ಇರುವುದು ಒಂದೇ ಔಷಧಕ್ಕೆ: ಮೆಲಾರ್ಸೊಮಿನ್. ಅದು ಆರ್ಸೆನಿಕ್, ನಮ್ಮ ಹಳೆಯ ಮಾತಿನಲ್ಲಿ ಪಾಷಾಣ, ಬೆರೆತ ಸಂಯುಕ್ತ. ಸೊಂಟದ ಸ್ನಾಯುವಿನ ಆಳಕ್ಕೆ ಕೊಡುವ ಇಂಜೆಕ್ಷನ್. ನಾಲ್ಕು ತಿಂಗಳಿಗಿಂತ ಎಳೆಯ ಹುಳುವಿನ ಮೇಲೆ ಅದರ ಕೆಲಸ ಅಷ್ಟಕ್ಕಷ್ಟೇ. ತಡೆಮಾತ್ರೆಗೆ ಸಿಗುವುದು ಮೊದಲ ಎರಡು ತಿಂಗಳ ಹುಳು, ಇಂಜೆಕ್ಷನ್ನಿಗೆ ಸಿಗುವುದು ನಾಲ್ಕು ತಿಂಗಳು ದಾಟಿದ ಹುಳು. ನಡುವಿನ ಎರಡು ತಿಂಗಳ ವಯಸ್ಸಿನದು ಯಾವುದಕ್ಕೂ ಸರಿಯಾಗಿ ಸಿಗುವುದಿಲ್ಲ. ಆದ್ದರಿಂದಲೇ ಅಮೆರಿಕನ್ ಹಾರ್ಟ್‌ವರ್ಮ್ ಸೊಸೈಟಿಯ ಕ್ರಮದಲ್ಲಿ ಪತ್ತೆಯಾದ ದಿನವೇ ಇಂಜೆಕ್ಷನ್ ಇಲ್ಲ. ಎರಡು ತಿಂಗಳು ತಡೆಮಾತ್ರೆ ಕೊಡುತ್ತ ಹೊಸ ಹುಳು ಸೇರದಂತೆ ನೋಡಿಕೊಂಡು, ಇದ್ದವು ಬಲಿಯುವವರೆಗೆ ಕಾದು, ಅರುವತ್ತನೆಯ ದಿನ ಮೊದಲ ಇಂಜೆಕ್ಷನ್.

ಕಾಯುವ ಕಾಲ ಸುಮ್ಮನಿರುವ ಕಾಲವಲ್ಲ. ಹೃದಯಹುಳುವಿನ ಒಡಲಲ್ಲಿ ವೋಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಮನೆಮಾಡಿಕೊಂಡಿರುತ್ತದೆ. ಹುಳು ಸತ್ತಾಗ ಅದೂ ರಕ್ತಕ್ಕೆ ಚೆಲ್ಲಿ ಶ್ವಾಸಕೋಶದ ಉರಿಯೂತ ಹೆಚ್ಚಿಸುತ್ತದೆ. ಡಾಕ್ಸಿಸೈಕ್ಲಿನ್ ಆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಹುಳುವೂ ಸೊರಗುತ್ತದೆ. ಪ್ರಮಾಣ ಕಿಲೋಗೆ 10 ಮಿಲಿಗ್ರಾಂ, ದಿನಕ್ಕೆರಡು ಸಲ, ನಾಲ್ಕು ವಾರ. ಕೆಂಚನಿಗೆ ನೂರರ ಎರಡೂವರೆ ಮಾತ್ರೆಯಂತೆ ಬೆಳಿಗ್ಗೆ, ಸಂಜೆ. ಮೊದಲ ವಾರದ ಕೊನೆಗೆ ಫೋನ್ ಮಾಡಿ ವಿಚಾರಿಸಿದಾಗ, ಅಜ್ಜಿ ಮಾತ್ರೆಯನ್ನು ಮೊಸರನ್ನದ ಉಂಡೆಯೊಳಗಿಟ್ಟು ತಿನ್ನಿಸುತ್ತಿದ್ದಾರೆ, ನಾಯಿ ಕೈಯನ್ನೂ ನೆಕ್ಕುತ್ತದೆ ಎಂದು ತಿಳಿಯಿತು. ಹಾಲು, ಮೊಸರಿನ ಕ್ಯಾಲ್ಸಿಯಂ ಈ ಔಷಧವನ್ನು ಹಿಡಿದುಕೊಂಡು ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ. ಬರಿಯ ಹೊಟ್ಟೆಗೆ ಕೊಟ್ಟರೆ ವಾಂತಿ. ಮೊಸರಿನ ಬದಲು ಮೆತ್ತಗಿನ ಜೋಳದ ರೊಟ್ಟಿಯ ಚೂರಿನಲ್ಲಿ ಸುತ್ತಿ ಕೊಡಿ ಎಂದೆ. ಅಂದಿನಿಂದ ದಿನಕ್ಕೆ ಎರಡು ರೊಟ್ಟಿ ಕೆಂಚನ ಪಾಲಾಯಿತು. ಔಷಧದ ಬರಹದಲ್ಲಿ ಇಂಥ ಸಂಗತಿಗೆ ಜಾಗ ಸಿಗುವುದು ಕಡಿಮೆ, ಆದರೆ ಔಷಧ ಹೊಟ್ಟೆಗೆ ಹೋಗುವುದು ಹೀಗೆಯೇ.

ಈ ನಡುವೆ ಯಜಮಾನರು ಎರಡು ಪ್ರಶ್ನೆ ತಂದರು. ಪಾಷಾಣದ ಇಂಜೆಕ್ಷನ್ ಬಿಟ್ಟು, ತಡೆಮಾತ್ರೆಯನ್ನೇ ಕೊಡುತ್ತ ಹೋದರೆ ಹುಳು ನಿಧಾನವಾಗಿ ಸಾಯುವುದಿಲ್ಲವೇ ಎಂಬುದು ಮೊದಲನೆಯದು. ಸಾಯುತ್ತವೆ; ಒಂದೆರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ, ಅಷ್ಟು ದಿನವೂ ಅಪಧಮನಿಯ ಒಳಗೋಡೆ ಕೆಡುತ್ತಲೇ ಇರುತ್ತದೆ, ನಾಯಿ ಅಷ್ಟು ಕಾಲವೂ ಓಡುವಂತಿಲ್ಲ. ಮಿಸಿಸಿಪ್ಪಿ ನದಿಯ ಕೆಳದಂಡೆಯಲ್ಲಿ ಈ ಔಷಧಗಳಿಗೆ ಬಗ್ಗದ ಹುಳುಗಳು ಆಗಲೇ ಸಾಬೀತಾಗಿವೆ. ಬಲಿತ ಹುಳುಗಳ ಮೇಲೆ ಅರೆಬರೆ ಔಷಧ ಹಾಕುತ್ತ ಕೂರುವುದು ಅಂಥ ಹುಳುಗಳನ್ನು ನಾವೇ ಸಾಕಿದಂತೆ. ಮೆಲಾರ್ಸೊಮಿನ್ ಸುಲಭವಾಗಿ ಸಿಗದ ಭಾರತದಲ್ಲಿ, ಈ ಹುಳು ಹೆಚ್ಚಾಗಿರುವ ಅಸ್ಸಾಂ, ಮಿಜೋರಾಂ ಕಡೆಯ ವೈದ್ಯರು ಐವರ್‌ಮೆಕ್ಟಿನ್ ಮತ್ತು ಡಾಕ್ಸಿಸೈಕ್ಲಿನ್ ಜೋಡಿಯನ್ನು ಬಳಸುವುದು ಬೇರೆ ದಾರಿಯಿಲ್ಲದೆ. ಇಂಜೆಕ್ಷನ್ ಕೈಗೆಟಕುವ ಊರಿನಲ್ಲಿ ಅದನ್ನು ಆರಿಸಿಕೊಳ್ಳಲು ಕಾರಣವಿಲ್ಲ.

ಎರಡನೆಯ ಪ್ರಶ್ನೆ ಹಣ ಉಳಿಸುವುದು. ರೈತರ ಅಂಗಡಿಯಲ್ಲಿ ದನಗಳಿಗೆಂದು ಮಾರುವ ಐವರ್‌ಮೆಕ್ಟಿನ್ ಬಾಟಲಿ ಅಗ್ಗ, ಅದರಿಂದಲೇ ತಿಂಗಳಿಗಿಷ್ಟು ಕೊಟ್ಟರೆ ಆಗದೇ ಎಂದರು. ಕರ್ನಾಟಕದಲ್ಲಿಯೂ ಉಣ್ಣೆ, ಕಜ್ಜಿಗೆಂದು ಈ ಬಾಟಲಿ ನಾಯಿಗಳ ಮೇಲೆ ಓಡಾಡುವುದನ್ನು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ದಿನಗಳಿಂದ ಬಲ್ಲೆ. ಲೆಕ್ಕ ಹಾಕಿ ತೋರಿಸಿದೆ. ಹೃದಯಹುಳು ತಡೆಯಲು ಬೇಕಾದದ್ದು ಕಿಲೋಗೆ 6 ಮೈಕ್ರೋಗ್ರಾಂ. 24 ಕಿಲೋಗೆ 144 ಮೈಕ್ರೋಗ್ರಾಂ. ಆ ಬಾಟಲಿಯ ಒಂದು ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಇರುತ್ತದೆ. ಎಂದರೆ 0.0144 ಮಿಲಿಲೀಟರ್ ಅಳೆಯಬೇಕು. ಸಿರಿಂಜಿನ ಅತಿ ಸಣ್ಣ ಗೆರೆಗೂ ಅದು ಸಿಗುವುದಿಲ್ಲ. ಕೈ ಸ್ವಲ್ಪ ಜಾರಿದರೆ ಹತ್ತಿಪ್ಪತ್ತು ಪಟ್ಟು ಹೋಗುತ್ತದೆ. ಕಾಲಿಯಂಥ ಕುರಿನಾಯಿ ತಳಿಗಳಲ್ಲಿ ಔಷಧವನ್ನು ಮೆದುಳಿನಿಂದ ಹೊರಗಿಡುವ ಜೀನು ಕೆಟ್ಟಿರುವುದುಂಟು, ಅಂಥ ನಾಯಿ ಆ ಪ್ರಮಾಣಕ್ಕೆ ತೂರಾಡಿ, ಕುರುಡಾಗಿ, ಕೋಮಾಕ್ಕೆ ಹೋಗಬಹುದು. ಮಿಶ್ರತಳಿಯ ಕೆಂಚನ ಅಜ್ಜ ಯಾರೆಂದು ಯಾರಿಗೂ ಗೊತ್ತಿಲ್ಲ. ತಡೆಮಾತ್ರೆಯ ಪ್ರಮಾಣ ಅಂಥ ನಾಯಿಗೂ ಸುರಕ್ಷಿತ, ಬಾಟಲಿಯದಲ್ಲ.

ಮೇ 13ರಂದು ಮೊದಲ ಇಂಜೆಕ್ಷನ್. ಕಿಲೋಗೆ 2.5 ಮಿಲಿಗ್ರಾಂ ಲೆಕ್ಕದಲ್ಲಿ 60 ಮಿಲಿಗ್ರಾಂ. ಒಂದು ಸೀಸೆಯಲ್ಲಿ 50 ಮಿಲಿಗ್ರಾಂ ಪುಡಿಯಿರುತ್ತದೆ. ಎರಡು ಸೀಸೆ ಒಡೆದು, ಶುದ್ಧ ನೀರಿನಲ್ಲಿ ಕರಗಿಸಿ, 2.4 ಮಿಲಿಲೀಟರ್ ಎಳೆದುಕೊಂಡು, ಚುಚ್ಚುವ ಮುನ್ನ ಸೂಜಿ ಬದಲಾಯಿಸಿದೆವು. ಹಳೆಯ ಸೂಜಿಯ ಹೊರಮೈಗೆ ಅಂಟಿದ ಒಂದು ಹನಿ ಚರ್ಮದ ಕೆಳಗೆ ಉಳಿದರೂ ಅಲ್ಲಿ ಬಾವು, ನೋವು. ಮೂರನೆಯಿಂದ ಐದನೆಯ ಸೊಂಟದ ಮೂಳೆಯ ಮಟ್ಟದಲ್ಲಿ, ಬೆನ್ನುಹುರಿಯ ಗೆರೆಯಿಂದ ಪಕ್ಕಕ್ಕೆ, ಒಂದೂವರೆ ಇಂಚಿನ ಸೂಜಿಯನ್ನು ಸ್ನಾಯುವಿನ ಆಳಕ್ಕೆ ಇಳಿಸಿ, ನಿಧಾನವಾಗಿ ಔಷಧ ಬಿಟ್ಟು, ಹೊರತೆಗೆದ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕು. ಕೆಂಚ ಒಮ್ಮೆ ತಿರುಗಿ ನೋಡಿದ, ಕಚ್ಚಲಿಲ್ಲ. ಎರಡು ದಿನ ಸೊಂಟ ಬಗ್ಗಿಸಿ ನಡೆದ. ಜೊತೆಗೆ ಉರಿಯೂತ ತಗ್ಗಿಸುವ ಪ್ರೆಡ್ನಿಸೋನ್: ಮೊದಲ ವಾರ ದಿನಕ್ಕೆರಡು ಸಲ, ಎರಡನೆಯ ವಾರ ಒಂದು ಸಲ, ಆಮೇಲೆ ಎರಡು ವಾರ ದಿನ ಬಿಟ್ಟು ದಿನ.

ಒಂದೇ ಸಲಕ್ಕೆ ಎಲ್ಲ ಹುಳುಗಳನ್ನೂ ಕೊಲ್ಲುವುದು ಸಾಧ್ಯವಿದ್ದರೂ ಬೇಕಿಲ್ಲ. ಸತ್ತ ಹುಳುವಿಗೆ ಹೊರಹೋಗುವ ದಾರಿಯಿಲ್ಲ. ಅದು ರಕ್ತದ ಹರಿವಿನೊಂದಿಗೆ ಶ್ವಾಸಕೋಶದ ಸಣ್ಣ ಕವಲುಗಳಿಗೆ ಹೋಗಿ ಸಿಕ್ಕಿಕೊಂಡು, ಅಲ್ಲಿಯೇ ಕರಗಬೇಕು. ಮೊದಲ ಇಂಜೆಕ್ಷನ್ ಒಂದಷ್ಟನ್ನು ಕೊಂದು, ಶ್ವಾಸಕೋಶಕ್ಕೆ ಒಂದು ತಿಂಗಳ ಬಿಡುವು ಕೊಟ್ಟು, ಉಳಿದದ್ದಕ್ಕೆ ತೊಂಬತ್ತನೆಯ ಮತ್ತು ತೊಂಬತ್ತೊಂದನೆಯ ದಿನ ಎರಡು ಇಂಜೆಕ್ಷನ್ ಕೊಡುತ್ತೇವೆ. ಮೂರೂ ಸೇರಿ ನೂರಕ್ಕೆ 98ರಷ್ಟು ಹುಳುಗಳನ್ನು ತೆಗೆಯುತ್ತವೆ. ನಾಯಿ ಓಡಿದರೆ ರಕ್ತದ ಒತ್ತಡ ಹೆಚ್ಚಿ ಸತ್ತ ಹುಳುವಿನ ಚೂರುಗಳು ಇನ್ನಷ್ಟು ಆಳಕ್ಕೆ ತಳ್ಳಲ್ಪಡುತ್ತವೆ. ಆದ್ದರಿಂದ ಕೊನೆಯ ಇಂಜೆಕ್ಷನ್ನಿನ ನಂತರ ಆರರಿಂದ ಎಂಟು ವಾರ ಪಂಜರದ ವಾಸ. ಮೂತ್ರಕ್ಕೆಂದು ಪಟ್ಟಿ ಹಿಡಿದು ಹೊರಗೆ, ಮತ್ತೆ ಒಳಗೆ. ಔಷಧಗಳ ಪಟ್ಟಿಯಲ್ಲಿ ಇದನ್ನು ಬರೆಯುವುದಿಲ್ಲ. ನನ್ನ ಅನುಭವದಲ್ಲಿ ಇದರಷ್ಟು ಕಷ್ಟದ ಔಷಧ ಇನ್ನೊಂದಿಲ್ಲ.

ಜೂನ್ 12 ಮತ್ತು 13ರಂದು ಎರಡು, ಮೂರನೆಯ ಇಂಜೆಕ್ಷನ್ ಆದವು. ಮೂರು ವಾರದ ನಂತರ ಜುಲೈ 4, ಅಮೆರಿಕದ ಸ್ವಾತಂತ್ರ್ಯದಿನ. ಬೀದಿಯಲ್ಲಿ ಪಟಾಕಿ ಶುರುವಾದಾಗ ಕೆಂಚ ಪಂಜರದ ಬಾಗಿಲಿಗೆ ಮೈ ಗುದ್ದಿ ಚಿಲಕ ಕಳಚಿ, ಮನೆಯಿಡೀ ಓಡಿ, ಮಂಚದ ಕೆಳಗೆ ಸೇರಿಕೊಂಡ. ಸಮಾಧಾನಕ್ಕೆಂದು ಟ್ರಾಜೊಡೋನ್ ಬರೆದುಕೊಟ್ಟಿದ್ದೆ. ಕತ್ತಲಾಗುವ ಮೊದಲೇ ಕೊಡಬೇಕಾದದ್ದನ್ನು ಸದ್ದು ಶುರುವಾದ ಮೇಲೆ ಕೊಟ್ಟಿದ್ದರು. 6ರ ಬೆಳಿಗ್ಗೆ ಕೆಮ್ಮು ಮರಳಿತು. ಜ್ವರ 103.6 ಡಿಗ್ರಿ ಫ್ಯಾರನ್‌ಹೀಟ್, ಊಟಕ್ಕೆ ಮುಖ ತಿರುಗಿಸಿತು. ಎಕ್ಸ್-ರೇಯಲ್ಲಿ ಬಲ ಶ್ವಾಸಕೋಶದ ಹಿಂಭಾಗದಲ್ಲಿ ಮೋಡದಂಥ ಮಚ್ಚೆ. ಸತ್ತ ಹುಳುಗಳು ಅಲ್ಲಿ ಹೆಪ್ಪು ಕಟ್ಟಿದ್ದವು. ದಿನ ಬಿಟ್ಟು ದಿನಕ್ಕೆ ಇಳಿದಿದ್ದ ಪ್ರೆಡ್ನಿಸೋನನ್ನು ಮತ್ತೆ ದಿನಕ್ಕೆರಡು ಸಲಕ್ಕೆ ಏರಿಸಿ, ಆಮ್ಲಜನಕದ ಕೋಣೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡೆವು.

7ರ ಸಂಜೆ ಮನೆಗೆ ಕಳುಹಿಸಬಹುದಿತ್ತು, ಆದರೆ ಬೆರಿಲ್ ಚಂಡಮಾರುತ ಹತ್ತಿರ ಬಂದಿತ್ತು. ಜುಲೈ 8ರ ನಸುಕಿನಲ್ಲಿ ಅದು ಮಟಗೋರ್ಡಾ ಬಳಿ ಭೂಮಿ ಮುಟ್ಟಿತು. ಹ್ಯೂಸ್ಟನ್ ಭಾಗದಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟು ಹೋಯಿತು, ಎಷ್ಟೋ ಮನೆಗಳಿಗೆ ದಿನಗಟ್ಟಲೆ ಬರಲಿಲ್ಲ. ಕೆಂಚನ ಮನೆಗೂ ಬರಲಿಲ್ಲ. ಆ ಸೆಕೆಯಲ್ಲಿ ಎ.ಸಿ. ಇಲ್ಲದ ಮನೆಯಲ್ಲಿ ಏದುಸಿರು ಬಿಡುತ್ತ ಮಲಗುವುದೂ ಅವನ ಶ್ವಾಸಕೋಶಕ್ಕೆ ಓಟದಷ್ಟೇ ಭಾರ. ನಮ್ಮಲ್ಲಿ ಜನರೇಟರ್ ಇತ್ತು. ಇನ್ನೂ ಮೂರು ರಾತ್ರಿ ಅಲ್ಲೇ ಉಳಿಸಿಕೊಂಡೆವು. ಮಲಗಿದ್ದಾಗ ನಿಮಿಷಕ್ಕೆ 44 ಇದ್ದ ಉಸಿರು 11ರಂದು 26ಕ್ಕೆ ಇಳಿಯಿತು. ಆ ಬೆಳಿಗ್ಗೆ ಅಜ್ಜಿ ತಂದ ರೊಟ್ಟಿಯನ್ನು ಅವನು ಕೂತಲ್ಲೇ ತಿಂದ.

ಕೆಂಚನ ಫಲಿತಾಂಶ ಬಂದ ವಾರದಲ್ಲೇ ಮನೆಯ ಬೆಕ್ಕು ಬೆಳ್ಳಿಯನ್ನೂ ತರಿಸಿಕೊಂಡಿದ್ದೆ. ಆರು ವರ್ಷದ ಬೆಳ್ಳಿ ಹೊಸ್ತಿಲು ದಾಟದ ಬೆಕ್ಕು. ಒಂದು ವರ್ಷದಿಂದ ಆಗಾಗ ಮೈ ಕುಗ್ಗಿಸಿ ಕೆಮ್ಮುತ್ತಿದ್ದುದಕ್ಕೆ ಆಸ್ತಮಾ ಎಂದು ಚಿಕಿತ್ಸೆ ನಡೆದಿತ್ತು. ಹೊಸ್ತಿಲು ದಾಟದಿರುವುದು ಬೆಕ್ಕು, ಸೊಳ್ಳೆಯಲ್ಲ. ಬೆಕ್ಕಿನ ಮೈ ಈ ಹುಳುವಿಗೆ ಒಗ್ಗಿದ ಮನೆಯಲ್ಲ; ಹೆಚ್ಚಿನವು ಎಳೆಯದರಲ್ಲೇ ಶ್ವಾಸಕೋಶ ತಲುಪಿ ಸಾಯುತ್ತವೆ, ಬಲಿಯುವುದು ಒಂದೋ ಎರಡೋ. ಆದರೆ ಸಾಯುವ ಆ ಎಳೆಯ ಹುಳುಗಳೇ ಆಸ್ತಮಾದಂಥ ಕಾಯಿಲೆ ತರುತ್ತವೆ, ಬಲಿತ ಒಂದೇ ಹುಳು ಸತ್ತಾಗ ಬೆಕ್ಕು ನಿಂತಲ್ಲೇ ಸಾಯುವುದುಂಟು. ಬೆಳ್ಳಿಯ ಆಂಟಿಜೆನ್ ನೆಗೆಟಿವ್, ಆಂಟಿಬಾಡಿ ಪಾಸಿಟಿವ್; ಎಕೋದಲ್ಲಿ ಹುಳು ಕಾಣಲಿಲ್ಲ, ಎಕ್ಸ್-ರೇಯಲ್ಲಿ ಶ್ವಾಸನಾಳಗಳ ಗೋಡೆ ದಪ್ಪವಾಗಿತ್ತು. ಲಾರ್ವಾಗಳು ಅದರ ಮೈ ಹೊಕ್ಕಿದ್ದವು ಎಂದಷ್ಟೇ ಆಂಟಿಬಾಡಿ ಹೇಳುತ್ತದೆ, ಈಗ ಹುಳುವಿದೆ ಎಂದಲ್ಲ. ಈ ಫಲಿತಾಂಶಗಳನ್ನು ಒಟ್ಟಿಗೆ ನೋಡಿದರೆ ಹಳೆಯ ಆಸ್ತಮಾ ಎಂಬ ಹೆಸರು ನನಗೆ ಅನುಮಾನ.

ನಾಯಿಗೆ ಕೊಟ್ಟ ಇಂಜೆಕ್ಷನ್ ಬೆಕ್ಕಿಗೆ ಕೊಡುವಂತಿಲ್ಲ. ಮೆಲಾರ್ಸೊಮಿನ್ ಬೆಕ್ಕಿಗೆ ವಿಷ. ಬೆಕ್ಕಿನ ಬಲಿತ ಹುಳುವಿಗೆ ಅನುಮತಿ ಪಡೆದ ಔಷಧವೇ ಇಲ್ಲ. ಎರಡು ಮೂರು ವರ್ಷದಲ್ಲಿ ಹುಳು ತಾನೇ ಸಾಯುವವರೆಗೆ ಉಸಿರಾಟ ಕಾಯುವುದಷ್ಟೇ ವೈದ್ಯನ ಪಾಲು. ಬೆಳ್ಳಿಗೆ ಪ್ರೆಡ್ನಿಸೊಲೋನ್ ಕೊಟ್ಟು ಕ್ರಮೇಣ ಇಳಿಸಿ, ತಿಂಗಳಿಗೊಮ್ಮೆ ಕತ್ತಿನ ಹಿಂದೆ ಕೂದಲು ಸರಿಸಿ ಚರ್ಮಕ್ಕೆ ಹಾಕುವ ಸೆಲಮೆಕ್ಟಿನ್ ಹನಿ ಶುರುಮಾಡಿದೆವು. ಸೆಪ್ಟೆಂಬರಿನ ಹೊತ್ತಿಗೆ ಕೆಮ್ಮು ನಿಂತಿತ್ತು.

ಕೆಂಚನನ್ನು ಆಗಸ್ಟ್ ಎರಡನೆಯ ವಾರದಲ್ಲಿ ಪಂಜರದಿಂದ ಬಿಟ್ಟೆವು, ಮೊದಲು ಐದು ನಿಮಿಷದ ನಡಿಗೆ, ನಂತರ ಹತ್ತು. ಕೊನೆಯ ಇಂಜೆಕ್ಷನ್ನಿಗೆ ಒಂಬತ್ತು ತಿಂಗಳು ತುಂಬಿದ ಮೇಲೆ, 2025ರ ಮಾರ್ಚ್‌ನಲ್ಲಿ, ಆಂಟಿಜೆನ್ ಪರೀಕ್ಷೆ ನೆಗೆಟಿವ್ ಬಂತು; ಈ ಸಲದ ನೆಗೆಟಿವ್ ಯಾವ ತಿಂಗಳುಗಳ ಬಗ್ಗೆ ಮಾತನಾಡುತ್ತದೆ ಎಂದು ಕಾಗದದ ಮೇಲೆ ಗೆರೆ ಎಳೆದು ಮನೆಯವರಿಗೆ ತೋರಿಸಿದೆ. ಎಕ್ಸ್-ರೇಯಲ್ಲಿ ಅಪಧಮನಿಯ ಉಬ್ಬು ತಗ್ಗಿತ್ತು, ಪೂರ್ತಿ ಹೋಗಿರಲಿಲ್ಲ. ಅದು ಹೋಗುವುದೂ ಇಲ್ಲ.

ಮೇ ತಿಂಗಳಲ್ಲಿ ಅವರು ಮತ್ತೆ ಊರಿಗೆ ಹೊರಟಿದ್ದರು. ಈ ಸಲ ಮಾತ್ರೆಗಳನ್ನು ಯಾರ ಕೈಗೂ ಕೊಡುವುದು ಬೇಡ ಎಂದು ನಿರ್ಧರಿಸಿ, ಕೆಂಚನಿಗೆ ವರ್ಷವಿಡೀ ಮೈಯಲ್ಲಿ ಸ್ವಲ್ಪಸ್ವಲ್ಪವೇ ಬಿಡುಗಡೆಯಾಗುವ ಮಾಕ್ಸಿಡೆಕ್ಟಿನ್ ಇಂಜೆಕ್ಷನ್ ಕೊಟ್ಟೆ. ಈ ಬಗೆಯ ಔಷಧಕ್ಕೆ ಒಂದು ಇತಿಹಾಸವಿದೆ, ಅದನ್ನೂ ಅವರಿಗೆ ಹೇಳಿದೆ: ಆರು ತಿಂಗಳ ಇಂಜೆಕ್ಷನ್ 2001ರಲ್ಲಿ ಬಂದು, ಅಡ್ಡಪರಿಣಾಮಗಳ ವರದಿಗಳಿಂದಾಗಿ 2004ರಲ್ಲಿ ಮಾರುಕಟ್ಟೆಯಿಂದ ಹಿಂದೆ ಹೋಗಿ, ಕಟ್ಟುನಿಟ್ಟಿನ ನಿಯಮಗಳೊಂದಿಗೆ 2008ರಲ್ಲಿ ಮರಳಿತ್ತು, ಹನ್ನೆರಡು ತಿಂಗಳದ್ದಕ್ಕೆ ಅನುಮತಿ ಸಿಕ್ಕಿದ್ದು 2019ರಲ್ಲಿ. ಬೆಕ್ಕಿಗೆ ಅಂಥ ಇಂಜೆಕ್ಷನ್ ಇಲ್ಲ. ಆದ್ದರಿಂದ ಅದೇ ಸ್ನೇಹಿತರ ಅಡುಗೆಮನೆಯ ಗೋಡೆಯ ಮೇಲೆ, ಆ ಡ್ರಾಯರಿನ ಸರಿಯಾಗಿ ಮೇಲಕ್ಕೆ, ಅಜ್ಜಿ ಊರಿಂದ ತಂದಿದ್ದ ಕನ್ನಡ ಕ್ಯಾಲೆಂಡರನ್ನು ನೇತುಹಾಕಿ, ಜೂನ್, ಜುಲೈ, ಆಗಸ್ಟ್ ತಿಂಗಳುಗಳ ಒಂದನೆಯ ತಾರೀಖಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ‘ಬೆಳ್ಳಿ’ ಎಂದು ಬರೆದು ಹೋದರು.